ಬೆಳಿಗ್ಗೆ ಏಳದ ಮಷೀನು: ಓವರ್‌ಕ್ಲಾಕ್ ಮಾಡಿದ ಕಂಪ್ಯೂಟರ್ ಶುರುವಾಗದಿದ್ದರೆ ಹುಡುಕುವ ದಾರಿ

"ಅಣ್ಣಾ, ಫ್ಯಾನ್ ತಿರುಗ್ತದ, ಆದ್ರ ಸ್ಕ್ರೀನ್ ಮ್ಯಾಲ ಏನೂ ಬರವಲ್ದು."

ಮೇ ತಿಂಗಳ ಒಂದು ಬೆಳಿಗ್ಗೆ, ಏಳೂವರೆಗೆ ಬಂದ ಫೋನು. ಮಾಡಿದವನು ರಾಯಚೂರಿನ ತೀನ್ ಕಂದೀಲ್ ಹತ್ತಿರ ಮದುವೆ ವಿಡಿಯೊ ಎಡಿಟಿಂಗ್ ಮಾಡುವ ಹುಡುಗ. ಲಗ್ನದ ಸೀಸನ್ನು. ಮೂರು ಮದುವೆಯ ಫುಟೇಜ್ ಆ ಮಷೀನಿನೊಳಗಿತ್ತು. ಒಂದನ್ನು ಅವತ್ತು ಸಂಜೆಯೇ ಕೊಡಬೇಕಿತ್ತು.

ಮಷೀನು ಹೀಗಿದೆ: ರೈಜೆನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡು (ಮುಂದೆ ಬರೀ ಬೋರ್ಡು ಅನ್ನುತ್ತೇನೆ), ಟವರ್ ಕೂಲರ್, 120 ವ್ಯಾಟಿನ ಗ್ರಾಫಿಕ್ಸ್ ಕಾರ್ಡು. ಡಿಸೆಂಬರ್‌ನಲ್ಲಿ ಅವನ ಸೋದರಮಾವನ ಮಗ, ಇಂಜಿನಿಯರಿಂಗ್ ಹುಡುಗ, ರಜೆಗೆ ಬಂದವನು ಪ್ರೊಸೆಸರನ್ನು 4.0 ಗಿಗಾಹರ್ಟ್ಸ್‌ಗೆ ಏರಿಸಿ, ವೋಲ್ಟೇಜ್ 1.35 ಮಾಡಿ, ರ್ಯಾಮಿನ ವೇಗವನ್ನು 3200ಕ್ಕೆ ಇಟ್ಟು ಹೋಗಿದ್ದ. ಕಂಪನಿ ಇಟ್ಟ ವೇಗಕ್ಕಿಂತ ಹೀಗೆ ಮೇಲೆ ಓಡಿಸುವುದೇ ಓವರ್‌ಕ್ಲಾಕ್. ಮೂರ್ನಾಲ್ಕು ತಿಂಗಳು ಚೆನ್ನಾಗೇ ಓಡಿತ್ತು. ಈಗ ಬೆಳಿಗ್ಗೆ ಮೂರ್ನಾಲ್ಕು ಸಲ ಬಟನ್ ಒತ್ತಿದರೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಒಂದು ಸಲ ಎದ್ದರೆ ರೀಸ್ಟಾರ್ಟ್‌ಗೆ ಏನೂ ತಕರಾರಿಲ್ಲ. ಅದರ ಮೇಲೆ ಮಧ್ಯಾಹ್ನ ಎಕ್ಸ್‌ಪೋರ್ಟ್ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಮಾಡಿ ತೆಗೆಯುವುದು) ಹಾಕಿದಾಗ ಒಮ್ಮೊಮ್ಮೆ ಪಟ್ ಅಂತ ಆಫ್ ಆಗುತ್ತದೆ.

ಅದನ್ನು ಸರಿ ಮಾಡಲು ನನಗೆ ಎರಡು ದಿನ ಹಿಡಿಯಿತು. ಅರ್ಧ ದಿನ ಸುಮ್ನೆ ಹಾಳು ಮಾಡಿದೆ. ಅದನ್ನೂ ಸೇರಿಸಿ ಬರೆಯುತ್ತೇನೆ.

ಕೈ ಹಾಕುವ ಮೊದಲು

ಫುಟೇಜ್ ಇರುವ ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತು ಪಕ್ಕಕ್ಕಿಡಿ. ಬೇರೆ ಎಲ್ಲದಕ್ಕೂ ಮೊದಲು ಇದು. ರ್ಯಾಮ್ ಸರಿಯಿಲ್ಲದ ಮಷೀನನ್ನು ಹತ್ತು ಸಲ ಆನ್ ಆಫ್ ಮಾಡಿದರೆ ವಿಂಡೋಸ್ ಹತ್ತು ಸಲವೂ ಡಿಸ್ಕಿಗೆ ಏನಾದರೂ ಬರೆಯಲು ಹೋಗುತ್ತದೆ. ರ್ಯಾಮಿನಲ್ಲಿ ಕೆಟ್ಟದ್ದು ಹಾಗೇ ಡಿಸ್ಕಿಗೆ ಇಳಿಯುತ್ತದೆ. ಪ್ರೊಸೆಸರ್ ಹೋದರೆ ದುಡ್ಡು ಕೊಟ್ಟು ಇನ್ನೊಂದು ತರಬಹುದು. ತಾಳಿ ಕಟ್ಟುವ ಶಾಟ್ ಎಲ್ಲಿಂದ ತರೋಣ?

ಎರಡನೆಯದು, ಮಷೀನು ಒಮ್ಮೆ ಎದ್ದಾಗ ಬಯಾಸ್‌ಗೆ (ವಿಂಡೋಸ್‌ಗಿಂತ ಮೊದಲು ಬರುವ ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ ಎಲ್ಲ ಪುಟಗಳ ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಬರೀ ಓವರ್‌ಕ್ಲಾಕ್ ಪುಟ ಸಾಲದು. ಬೂಟ್ ಪುಟ (ವಿಂಡೋಸ್ ಎಲ್ಲಿಂದ, ಹೇಗೆ ಶುರುವಾಗಬೇಕು ಅನ್ನುವುದು) ಮತ್ತು ಸಾಟಾ ಪುಟ (ಡಿಸ್ಕಿನ ಸೆಟ್ಟಿಂಗ್) ಕೂಡ ಬೇಕು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೂರನೆಯದು, "ಏನಾದ್ರೂ ಬದಲಾಯಿಸಿದ್ರಾ?" ಅಂತ ಕೇಳಿ. "ಏನೂ ಇಲ್ಲಣ್ಣಾ" ಅನ್ನುತ್ತಾರೆ. ಎಲ್ಲರೂ ಹಾಗೇ ಅನ್ನುತ್ತಾರೆ. ನಂಬಬೇಡಿ, ಆದರೆ ಜಗಳವನ್ನೂ ಆಡಬೇಡಿ.

ಎಲ್ಲಿಗೆ ನಿಂತಿತು ಅಂತ ನೋಡಿ

"ಆನ್ ಆಗ್ತಿಲ್ಲ" ಅನ್ನುವ ಒಂದು ಮಾತಿನಲ್ಲಿ ನಾಲ್ಕು ಬೇರೆ ಬೇರೆ ಕಾಯಿಲೆ ಇರುತ್ತವೆ.

ಬಟನ್ ಒತ್ತಿದರೂ ಫ್ಯಾನೇ ತಿರುಗದಿದ್ದರೆ ಅದು ಓವರ್‌ಕ್ಲಾಕ್ ತಪ್ಪಲ್ಲ. ಪ್ರೊಸೆಸರ್ ಇನ್ನೂ ಒಂದು ಲೆಕ್ಕವನ್ನೂ ಮಾಡಿಲ್ಲ. ಗೋಡೆಯ ಸಾಕೆಟ್, ಯುಪಿಎಸ್, ಎಸ್‌ಎಂಪಿಎಸ್ (ಮಷೀನಿನೊಳಗೆ ಕರೆಂಟ್ ಹಂಚುವ ಡಬ್ಬ), ಕ್ಯಾಬಿನೆಟ್ಟಿನ ಬಟನ್ ವೈರು, ಈ ಸಾಲಿನಲ್ಲಿ ನೋಡಿ.

ಫ್ಯಾನ್ ತಿರುಗಿ ಪರದೆ ಕಪ್ಪಾಗೇ ಇದ್ದರೆ ಬೋರ್ಡಿನ ಅಂಚಿನಲ್ಲಿರುವ ಸಣ್ಣ ದೀಪಗಳನ್ನು ಹುಡುಕಿ. ಈಚಿನ ಎಷ್ಟೋ ಬೋರ್ಡುಗಳಲ್ಲಿ ನಾಲ್ಕು ಇರುತ್ತವೆ: ಸಿಪಿಯು (ಪ್ರೊಸೆಸರ್), ಡಿರ್ಯಾಮ್ (ರ್ಯಾಮ್), ವಿಜಿಎ (ಗ್ರಾಫಿಕ್ಸ್), ಬೂಟ್ (ಡಿಸ್ಕಿನಿಂದ ಶುರುವಾಗುವುದು). ಆನ್ ಮಾಡಿದಾಗ ಒಂದೊಂದಾಗಿ ಹತ್ತಿ ಆರುತ್ತವೆ. ಯಾವುದು ಹತ್ತಿ ಹಾಗೇ ಉಳಿಯುತ್ತದೋ ಅಲ್ಲಿಗೆ ಗಾಡಿ ನಿಂತಿದೆ ಅಂತ ಲೆಕ್ಕ. ನಮ್ಮ ಮಷೀನಿನಲ್ಲಿ ಉಳಿದದ್ದು ಡಿರ್ಯಾಮ್ ದೀಪ. ನಾನು ಅದನ್ನು ಮೊದಲ ದಿನ ನೋಡಿಯೂ ಗಮನ ಕೊಡಲಿಲ್ಲ.

ಕಂಪನಿ ಲೋಗೊ ಬಂದು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿದ್ದರೆ, ಅಥವಾ ವಿಂಡೋಸ್ ಲೋಡ್ ಆಗುವಾಗ ನೀಲಿ ಪರದೆ ಬಂದರೆ, ಆಗ ಪ್ರೊಸೆಸರ್ ಓವರ್‌ಕ್ಲಾಕ್ ಮೇಲೆ ಅನುಮಾನ ಪಡಿ. ಆರಂಭದ ತಪಾಸಣೆ ಹಗುರ ಕೆಲಸ, ವಿಂಡೋಸ್ ಭಾರದ ಕೆಲಸ. ವೋಲ್ಟೇಜ್ ಸ್ವಲ್ಪ ಕಡಿಮೆ ಬಿದ್ದ ಪ್ರೊಸೆಸರ್ ಹಗುರದ್ದನ್ನು ಹೇಗೋ ದಾಟಿ ಭಾರದ್ದಕ್ಕೆ ಕುಸಿಯುತ್ತದೆ.

ಒಂದು ಮಾತು. ರೈಜೆನ್ 5 2600ರಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡು ತೆಗೆದು ಬೋರ್ಡಿನ ಎಚ್‌ಡಿಎಂಐಗೆ ಮಾನಿಟರ್ ಸಿಕ್ಕಿಸಿ "ಬೋರ್ಡೇ ಹೋಗಿದೆ" ಅಂದವರನ್ನು ನೋಡಿದ್ದೇನೆ.

ಎಲ್ಲವನ್ನೂ ಕಂಪನಿ ಸೆಟ್ಟಿಂಗಿಗೆ ತನ್ನಿ

ಓವರ್‌ಕ್ಲಾಕ್ ಇರುವಾಗ ಬೇರೆ ಯಾವ ಪರೀಕ್ಷೆಗೂ ಅರ್ಥವಿಲ್ಲ. ಪರದೆ ಬರುತ್ತಿದ್ದರೆ ಬಯಾಸ್‌ನಲ್ಲೇ ಡಿಫಾಲ್ಟ್ ಲೋಡ್ ಮಾಡಿ. ಬರದಿದ್ದರೆ ಸಿಮಾಸ್ ಕ್ಲಿಯರ್ ಮಾಡಬೇಕು, ಅಂದರೆ ಬೋರ್ಡು ನೆನಪಿಟ್ಟುಕೊಂಡ ಸೆಟ್ಟಿಂಗ್ ಅಳಿಸಬೇಕು. ಸ್ವಿಚ್ ಬೋರ್ಡಿನಲ್ಲಿ ಕರೆಂಟ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಇಳಿಯಲಿ. ಆಮೇಲೆ ಬೋರ್ಡಿನಲ್ಲಿ ಸಿಮಾಸ್ ಕ್ಲಿಯರ್ ಅಂತ ಬರೆದಿರುವ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡು ಕೂಡಿಸಿ. ಯಾವ ಪಿನ್ನು ಅಂತ ಬೋರ್ಡಿನ ಪುಸ್ತಕ ನೋಡಿಯೇ ಮಾಡಿ, ಅಂದಾಜಿನಲ್ಲಿ ಬೇಡ. ಸಿಗದಿದ್ದರೆ ಸಿಆರ್2032 ಬಟನ್ ಸೆಲ್ ತೆಗೆದು ಐದು ಹತ್ತು ನಿಮಿಷ ಬಿಡಿ.

ಸೆಲ್ ಹೊರಗೆ ಬಂದಾಗ ಮಲ್ಟಿಮೀಟರ್ ಇಟ್ಟು ನೋಡಿ. ಹೊಸದು 3 ವೋಲ್ಟ್ ಮೇಲೆ ತೋರಿಸುತ್ತದೆ. 2.7ರ ಹತ್ತಿರ ಬಂದಿದ್ದರೆ ಬದಲಾಯಿಸಿ. ನಮ್ಮ ಕಡೆ ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ಚೇ ಇಳಿಸಿ ಹೋಗುವ ರೂಢಿ ಇದೆ. ಆಗ ಸೆಟ್ಟಿಂಗ್ ಮತ್ತು ಗಡಿಯಾರ ನಡೆಯುವುದು ಆ ಸೆಲ್ಲಿನಿಂದಲೇ. "ಬೆಳಿಗ್ಗೆ ತಾರೀಖು ತಪ್ಪು ತೋರಿಸ್ತದ, ಸ್ಪೀಡೂ ಕಡಿಮಿ ಆಗೇದ" ಅಂದರೆ ಕಾಯಿಲೆ ಅಲ್ಲೇ ಇದೆ. ಈ ಮಷೀನಿನ ಸೆಲ್ 3.02 ಇತ್ತು, ಬಿಟ್ಟೆ.

ಈಗ ಆ ಫೋಟೊಗಳ ವಿಷಯ. ಸಿಮಾಸ್ ಕ್ಲಿಯರ್ ಆದ ಮೇಲೆ ಮಷೀನು ಎದ್ದಿತು, ಆದರೆ ಬೂಟ್ ಡಿವೈಸ್ ಸಿಗಲಿಲ್ಲ ಅಂತ ಬಂತು. ಹುಡುಗನ ಮುಖ ಬಾಡಿತು. ಡಿಸ್ಕಿಗೆ ಏನೂ ಆಗಿರಲಿಲ್ಲ. ವಿಂಡೋಸ್ ಹಳೆಯ ಲೆಗಸಿ ಪದ್ಧತಿಯಲ್ಲಿ ಹಾಕಿದ್ದು. ಡಿಫಾಲ್ಟ್‌ಗೆ ಹೋದಾಗ ಸಿಎಸ್‌ಎಂ (ಹಳೆಯ ಪದ್ಧತಿಗೂ ಒಪ್ಪುವ ಸೆಟ್ಟಿಂಗ್) ಆಫ್ ಆಗಿ ಬೋರ್ಡು ಬರೀ ಯುಇಎಫ್‌ಐ ಅನ್ನುವ ಹೊಸ ಪದ್ಧತಿಯ ಡಿಸ್ಕನ್ನೇ ಹುಡುಕುತ್ತಿತ್ತು. ಸಿಎಸ್‌ಎಂ ಆನ್ ಮಾಡಿದೆ, ಬಂತು. ಸಾಟಾ ಪುಟದಲ್ಲಿ ಎಎಚ್‌ಸಿಐ ಇದ್ದದ್ದು ರೇಡ್ ಆದರೂ, ಅಥವಾ ತಿರುಗಾಮುರುಗಾ ಆದರೂ (ಎರಡೂ ಬೋರ್ಡು ಡಿಸ್ಕನ್ನು ನಡೆಸುವ ಬೇರೆ ಬೇರೆ ರೀತಿ), ಇದೇ ರೀತಿ ವಿಂಡೋಸ್ ಅರ್ಧಕ್ಕೆ ನಿಂತು ನೀಲಿ ಪರದೆ ಕೊಡುತ್ತದೆ. ಇಲ್ಲಿ ಗಾಬರಿಯಾಗಿ ಫಾರ್ಮ್ಯಾಟ್ ಹೊಡೆದವರು ಎಷ್ಟು ಜನವೋ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಹಾಕಿದ ಮಷೀನಾದರೆ ರಿಕವರಿ ಕೀ ಕೈಯಲ್ಲಿ ಇಟ್ಟುಕೊಂಡೇ ಸಿಮಾಸ್ ಮುಟ್ಟಿ.

ನಾನು ಹಾಳು ಮಾಡಿದ ಅರ್ಧ ದಿನ

ಮೇ ತಿಂಗಳು, ರಾಯಚೂರು, ಓವರ್‌ಕ್ಲಾಕ್. ಈ ಮೂರು ಮಾತು ಕೇಳಿದ ಕೂಡಲೇ ನನ್ನ ತಲೆಗೆ ಹೊಳೆದದ್ದು ಬಿಸಿ. ಲೆಕ್ಕವೂ ಹಾಗೇ ಇತ್ತು. ಕೂಲರ್ ಎಷ್ಟೇ ಒಳ್ಳೆಯದಿರಲಿ, ಅದು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಡಿಸೆಂಬರ್‌ನಲ್ಲಿ ಕೋಣೆ 24 ಡಿಗ್ರಿ, ಪ್ರೊಸೆಸರ್ 76 ಅಂತಿದ್ದರೆ ನಡುವಿನ ಅಂತರ 52. ಮೇ ತಿಂಗಳಲ್ಲಿ ಕೋಣೆ 40 ಆದರೆ ಅದೇ ಕೆಲಸಕ್ಕೆ 92. ಈ ಪ್ರೊಸೆಸರಿನ ಮಿತಿ 95. ಚಳಿಗಾಲದಲ್ಲಿ ಪಾಸಾದ ಓವರ್‌ಕ್ಲಾಕ್ ನಮ್ಮೂರಿನಲ್ಲಿ ಅರ್ಧ ವರ್ಷಕ್ಕಷ್ಟೇ ಪಾಸು.

ಕ್ಯಾಬಿನೆಟ್ ಬಿಚ್ಚಿದೆ. ಹತ್ತಿರದಲ್ಲೇ ಹತ್ತಿ ವ್ಯಾಪಾರದ ಗೋದಾಮು. ಕೂಲರಿನ ರೆಕ್ಕೆಗಳ ಮಧ್ಯೆ ಅರಳೆಯ ಎಳೆ, ಧೂಳು ಎಲ್ಲ ಸೇರಿ ತೆಳ್ಳನೆ ಕೌದಿ ಹೊಲಿದಂತೆ ಕೂತಿತ್ತು. ಬ್ಲೋವರ್ ಹಿಡಿದೆ. (ಫ್ಯಾನನ್ನು ಬೆರಳಿನಿಂದ ಹಿಡಿದೇ ಗಾಳಿ ಬಿಡಿ. ಅದು ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.) ಪ್ರೊಸೆಸರ್ ಮತ್ತು ಕೂಲರ್ ನಡುವೆ ಒಣಗಿದ್ದ ಪೇಸ್ಟ್ ಒರೆಸಿ ಹೊಸದು ಹಾಕಿದೆ. ಸೆಟ್ಟಿಂಗೆಲ್ಲ ಫೋಟೊ ನೋಡಿ ಮೊದಲಿನಂತೆ ಏರಿಸಿ ಎಕ್ಸ್‌ಪೋರ್ಟ್ ಹಾಕಿದೆ. ಬೆಳಿಗ್ಗೆ 93 ತೋರಿಸುತ್ತಿದ್ದದ್ದು 84ಕ್ಕೆ ನಿಂತಿತು. ಹೆಮ್ಮೆಯಿಂದ ಮನೆಗೆ ಹೋದೆ.

ಮರುದಿನ ಏಳೂವರೆಗೆ ಮತ್ತೆ ಅದೇ ಫೋನು.

ಆಗ ತಲೆ ಓಡಿತು. ಬಿಸಿಯ ಕಾಯಿಲೆಯಾದರೆ ಮಧ್ಯಾಹ್ನ ಮೂರಕ್ಕೆ ಬರಬೇಕು. ರಾತ್ರಿಯಿಡೀ ಆಫ್ ಆಗಿದ್ದ ಮಷೀನು ಬೆಳಿಗ್ಗೆ ಏಳದಿರಲು ಬಿಸಿ ಎಲ್ಲಿಂದ ಬಂತು? ಇದು ಮೊದಲ ಫೋನಿನಲ್ಲೇ ಇದ್ದ ಸುಳಿವು, ಅಲ್ವಾ? ಡಿರ್ಯಾಮ್ ದೀಪವೂ ಅದನ್ನೇ ಹೇಳುತ್ತಿತ್ತು. ನಿನ್ನೆ ಬ್ಲೋವರ್ ಹಿಡಿದಾಗ ಕಂಡೂ ಕಾಣದಂತೆ ಬಿಟ್ಟ ಇನ್ನೊಂದು ಸಂಗತಿ ನೆನಪಾಯಿತು. ನಾಲ್ಕು ರ್ಯಾಮ್ ಸ್ಟಿಕ್. ಎರಡು ಕೆಂಪು, ಎರಡು ಕಪ್ಪು.

"ಈ ಕಪ್ಪು ಯಾವಾಗ ಹಾಕ್ಸಿದ್ದಪಾ?"

"ಅದಾ? ಯುಗಾದಿ ಟೈಮಿಗೆ ಹಾಕ್ಸಿದ್ವಿ ಅಣ್ಣಾ. ಅದಕ್ಕೂ ಇದಕ್ಕೂ ಏನ್ ಸಂಬಂಧ?"

ರ್ಯಾಮ್: ಸಂಬಂಧ ಇರುವುದೇ ಅಲ್ಲಿ

ಮಷೀನು ಪೂರ್ತಿ ಆಫ್ ಆಗಿ ಆನ್ ಆದಾಗ ಬೋರ್ಡು ಪ್ರತಿ ರ್ಯಾಮ್ ಸ್ಟಿಕ್ ಜೊತೆ ತಾಳ ಹೊಂದಿಸಿಕೊಳ್ಳುತ್ತದೆ. ಯಾವ ಕ್ಷಣದಲ್ಲಿ ಸಿಗ್ನಲ್ ಕಳಿಸಿದರೆ ಸರಿಯಾಗಿ ತಲುಪುತ್ತದೆ ಅಂತ ಅಳೆದು ನೋಡುತ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಅನ್ನುತ್ತಾರೆ. ವೇಗ ಜಾಸ್ತಿ ಆದಷ್ಟೂ ತಪ್ಪಿಗೆ ಜಾಗ ಕಡಿಮೆ. ಹೊಂದದಿದ್ದರೆ ಒಂದೆರಡು ಸಲ ತಾನೇ ಆಫ್ ಆಗಿ ಆನ್ ಆಗುತ್ತದೆ. ಕೆಲವು ಬೋರ್ಡುಗಳು ಮೂರು ಸಲ ಸೋತ ಮೇಲೆ ಡಿಫಾಲ್ಟ್ ವೇಗಕ್ಕೆ ಇಳಿದು ಏಳುತ್ತವೆ. ರೀಸ್ಟಾರ್ಟ್ ಮಾಡಿದಾಗ ಎಷ್ಟೋ ಬೋರ್ಡುಗಳು ಈ ಅಳತೆಯನ್ನು ಮೊದಲಿನಿಂದ ಮಾಡುವುದಿಲ್ಲ. ಬೆಳಿಗ್ಗೆ ಒಂದೇ ತಕರಾರು, ರೀಸ್ಟಾರ್ಟ್‌ಗೆ ಇಲ್ಲ ಅನ್ನುವುದರ ಗುಟ್ಟು ಇದು.

ಎಕ್ಸ್‌ಎಂಪಿ (ರ್ಯಾಮನ್ನು ಡಬ್ಬದ ಮೇಲಿನ ವೇಗಕ್ಕೆ ಏರಿಸುವ ಬಯಾಸ್ ಸೆಟ್ಟಿಂಗ್) ಆನ್ ಮಾಡುವುದೂ ಓವರ್‌ಕ್ಲಾಕೇ. ಎಎಂಡಿ ಬೋರ್ಡುಗಳಲ್ಲಿ ಅದಕ್ಕೆ ಡಿಒಸಿಪಿ, ಎ-ಎಕ್ಸ್‌ಎಂಪಿ ಅಂತೆಲ್ಲ ಹೆಸರಿರುತ್ತದೆ. ಡಿಡಿಆರ್4ರ ಮಾಮೂಲಿ ವೋಲ್ಟೇಜ್ 1.2. ಎಕ್ಸ್‌ಎಂಪಿ ಹಾಕಿದರೆ ಸಾಮಾನ್ಯವಾಗಿ 1.35. "ರ್ಯಾಮ್ ಡಬ್ಬದ ಮೇಲೇ 3200 ಅಂತ ಬರೆದಿದೆಯಲ್ಲ" ಅಂತ ಕೇಳುತ್ತಾರೆ. ಅದು ರ್ಯಾಮಿನ ಮಾತು. ಅದನ್ನು ನಡೆಸಬೇಕಾದ ಕಂಟ್ರೋಲರ್ ಪ್ರೊಸೆಸರ್ ಒಳಗಿದೆ. ಈ 2600 ಪ್ರೊಸೆಸರಿಗೆ ಕಂಪನಿ ಒಪ್ಪಿದ ರ್ಯಾಮ್ ವೇಗ 2933, ಅದೂ ಎರಡು ಸ್ಟಿಕ್ ಹಾಕಿದಾಗಿನ ಮಾತು. ನಾಲ್ಕೂ ಸ್ಲಾಟ್ ತುಂಬಿದರೆ ಕಂಪನಿಯೇ ಹೇಳುವ ವೇಗ ಬಹಳ ಕೆಳಗಿಳಿಯುತ್ತದೆ. ಕೆಂಪು ಎರಡಕ್ಕೆ ಹೊಂದಿಕೊಂಡಿದ್ದ ಕಂಟ್ರೋಲರಿಗೆ ಬೇರೆ ಕಂಪನಿಯ ಕಪ್ಪು ಎರಡನ್ನು ಸೇರಿಸಿ ಅದೇ ವೇಗ ಕೇಳಿದರೆ, ಒಂದು ದಿನ ಒಪ್ಪುತ್ತದೆ, ಒಂದು ದಿನ ಇಲ್ಲ.

ಹುಡುಕಿದ್ದು ಹೀಗೆ. ಪ್ರೊಸೆಸರನ್ನು ಡಿಫಾಲ್ಟ್‌ನಲ್ಲೇ ಬಿಟ್ಟೆ. ಬೆಳಗಾಗುವವರೆಗೆ ಕಾಯಬೇಕಿಲ್ಲ. ಸ್ವಿಚ್ ಬೋರ್ಡಿನಲ್ಲಿ ಆಫ್ ಮಾಡಿ, ಬಟನ್ ಒತ್ತಿ ಚಾರ್ಜ್ ಇಳಿಸಿ, ಹತ್ತು ನಿಮಿಷ ಬಿಟ್ಟು ಆನ್ ಮಾಡಿದರೆ ಅದೇ ಬೆಳಗಿನ ಸ್ಥಿತಿ. ಇದನ್ನು ಐದು ಸಲ ಮಾಡಬೇಕು. ಮಧ್ಯೆ ಮಧ್ಯೆ ಒಗ್ಗರಣೆ, ಮಿರ್ಚಿ ತಿಂದು ಬಂದೆವು, ಹೊತ್ತು ಹೋಯಿತು.

ಕೆಂಪು ಎರಡು ಮಾತ್ರ, 3200: ಐದಕ್ಕೆ ಐದು ಎದ್ದಿತು. ಕಪ್ಪು ಎರಡು ಮಾತ್ರ, 3200: ಅದೂ ಐದು. ಅಂದರೆ ಯಾವ ಸ್ಟಿಕ್ಕೂ ಕೆಟ್ಟಿಲ್ಲ. ನಾಲ್ಕೂ ಸೇರಿ 3200: ಎರಡು ಸಲ ಮಾತ್ರ. ನಾಲ್ಕೂ ಸೇರಿ 2933, ಎಸ್‌ಒಸಿ ವೋಲ್ಟೇಜ್ (ರ್ಯಾಮ್ ಕಂಟ್ರೋಲರಿಗೆ ಹೋಗುವುದು) 1.1ಕ್ಕೆ ಏರಿಸಿ: ನಾಲ್ಕು ಸಲ. ಹುಡುಗ "ಸಾಕಲ್ಲಣ್ಣಾ" ಅಂದ. ಐದರಲ್ಲಿ ನಾಲ್ಕು ಸಲ ಏಳುವುದು ಆಟದ ಮಷೀನಿಗೆ ಸರಿ, ದುಡಿಯುವ ಮಷೀನಿಗೆ ಅಲ್ಲ. 2666ಕ್ಕೆ ಇಳಿಸಿದೆ. ಐದಕ್ಕೆ ಐದು.

ಎರಡೇ ಸ್ಟಿಕ್ ಹಾಕಿ ನೋಡುವಾಗ ಸ್ಲಾಟ್ ಗಮನಿಸಿ. ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿದಾಗ ಎರಡನೆಯದು ಮತ್ತು ನಾಲ್ಕನೆಯದು. ಪಕ್ಕಪಕ್ಕ ಹಾಕಿದರೆ ಪರೀಕ್ಷೆಯೇ ತಪ್ಪಾಗುತ್ತದೆ.

16 ಜಿಬಿ 3200ರಲ್ಲೋ, 32 ಜಿಬಿ 2666ರಲ್ಲೋ? ವಿಡಿಯೊ ಎಡಿಟಿಂಗ್‌ಗೆ ನಾನು ಎರಡನೆಯದನ್ನೇ ಆರಿಸುತ್ತೇನೆ. ರ್ಯಾಮ್ ಸಾಲದೆ ಡಿಸ್ಕಿಗೆ ಓಡಾಡುವುದಕ್ಕಿಂತ ಸ್ವಲ್ಪ ನಿಧಾನದ ರ್ಯಾಮ್ ಎಷ್ಟೋ ವಾಸಿ. ರಾತ್ರಿ ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ಅನ್ನುವ ರ್ಯಾಮ್ ತಪಾಸಣೆ ಹಚ್ಚಿಟ್ಟು ಬಂದೆ. ಉಚಿತದ್ದು ನಾಲ್ಕು ಸುತ್ತು ಓಡುತ್ತದೆ. ಒಂದು ತಪ್ಪು ತೋರಿಸಿದರೂ ಫೇಲೇ. "ಒಂದೇ ಒಂದಲ್ವಾ" ಅನ್ನುವ ಹಾಗಿಲ್ಲ. ನಮ್ಮದು ಸೊನ್ನೆ ಬಂತು.

ಮಧ್ಯಾಹ್ನದ ಪಟ್: ಅದು ಬೇರೆಯೇ ಕಾಯಿಲೆ

ಒಂದೇ ಕಾಯಿಲೆ ಅಂದುಕೊಂಡಿದ್ದೆ, ಎರಡಿದ್ದವು. ಪ್ರೊಸೆಸರ್ ಓವರ್‌ಕ್ಲಾಕ್ ಮತ್ತೆ ಹಾಕಿ ಎಕ್ಸ್‌ಪೋರ್ಟ್ ಕೊಟ್ಟಾಗ ಮೂರನೇ ಸಲಕ್ಕೆ ಆಫ್ ಆಯಿತು. ಪ್ರೊಸೆಸರ್ 84 ಡಿಗ್ರಿಯಲ್ಲೇ ಇತ್ತು. ಆಫ್ ಆದ ಮೇಲೆ ಬಟನ್ ಒತ್ತಿದರೆ ಮಿಸುಕಲಿಲ್ಲ. ಹಿಂದಿನ ಸ್ವಿಚ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದಾಗ ಮಾತ್ರ ಎದ್ದಿತು. ಇದು ದೊಡ್ಡ ಸುಳಿವು. ಎಸ್‌ಎಂಪಿಎಸ್ ತನ್ನ ರಕ್ಷಣೆಗೆ ತಾನೇ ಬಾಗಿಲು ಹಾಕಿಕೊಂಡರೆ ಹೀಗಾಗುತ್ತದೆ.

ಎಸ್‌ಎಂಪಿಎಸ್ ಮೇಲೆ 500 ವ್ಯಾಟ್ ಅಂತ ದಪ್ಪ ಅಕ್ಷರದಲ್ಲಿತ್ತು. ಅದನ್ನು ಓದಬೇಡಿ. ಕೆಳಗಿನ ಪಟ್ಟಿಯಲ್ಲಿ 12 ವೋಲ್ಟ್ ಮುಂದೆ ಎಷ್ಟು ಆಂಪಿಯರ್ ಇದೆ ಅಂತ ಓದಿ. ಅಲ್ಲಿದ್ದದ್ದು 22. 12ರಿಂದ ಗುಣಿಸಿದರೆ 264 ವ್ಯಾಟ್. ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಬರುವುದು ಇದೇ ಸಾಲಿನಿಂದ. ಪ್ರೊಸೆಸರಿನ ವೋಲ್ಟೇಜ್ ಏರಿಸಿದಾಗ ಅದು ಎಳೆಯುವ ವ್ಯಾಟೂ ಬಿಸಿಯೂ ವೋಲ್ಟೇಜಿನ ವರ್ಗದ (ಅದನ್ನು ಅದರಿಂದಲೇ ಗುಣಿಸಿದ) ಲೆಕ್ಕದಲ್ಲಿ ಏರುತ್ತವೆ. 1.2ರಿಂದ 1.35ಕ್ಕೆ ಹೋದರೆ ಅದೊಂದರಿಂದಲೇ ಕಾಲು ಭಾಗ ಜಾಸ್ತಿ. ಜೊತೆಗೆ ವೇಗವನ್ನು 3.4ರಿಂದ 4.0 ಮಾಡಿದರೆ ಒಟ್ಟು ಹೆಚ್ಚು ಕಡಿಮೆ ಒಂದೂವರೆ ಪಟ್ಟು. ಚಳಿಗಾಲದಲ್ಲಿ ಎಸ್‌ಎಂಪಿಎಸ್ ಹೇಗೋ ಎಳೆದಿತ್ತು. 40 ಡಿಗ್ರಿ ಕೋಣೆಯಲ್ಲಿ, ಒಳಗೂ ಅರಳೆ ತುಂಬಿಕೊಂಡು, ಅದರ ಶಕ್ತಿಯೂ ಇಳಿದಿತ್ತು.

ಮಲ್ಟಿಮೀಟರಿನಿಂದ ಖಾತ್ರಿ ಮಾಡಿಕೊಂಡೆ. ಎಸ್‌ಎಂಪಿಎಸ್‌ನಿಂದ ಬರುವ, ಖಾಲಿ ಇರುವ ನಾಲ್ಕು ಪಿನ್ನಿನ ಮೋಲೆಕ್ಸ್ ಕನೆಕ್ಟರಿನಲ್ಲಿ ಹಳದಿ ಮತ್ತು ಕಪ್ಪು ವೈರಿಗೆ ಕಡ್ಡಿ ಇಟ್ಟರೆ 12 ವೋಲ್ಟ್ ಸಾಲು ಕಾಣುತ್ತದೆ. 11.4ರಿಂದ 12.6ರ ಒಳಗಿರಬೇಕು. ಸುಮ್ನೆ ಇದ್ದಾಗ 12.1. ಎಕ್ಸ್‌ಪೋರ್ಟ್ ಹಾಕಿದಾಗ 11.2. ಬಯಾಸ್‌ನಲ್ಲಿ ಕಾಣುವ ಅಂಕಿ ನೋಡಿ ಸಮಾಧಾನ ಪಡಬೇಡಿ, ಅಲ್ಲಿ ಮಷೀನಿಗೆ ಭಾರವೇ ಇರುವುದಿಲ್ಲ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಜೋರಾಗಿ ಹೊಡೆಯುತ್ತದೆ.

ಸಂಜೆ ಗೋಡೆಯ ಸಾಕೆಟ್ಟಿನಲ್ಲೂ ಅಳೆದೆ. 230 ಇರಬೇಕಾದಲ್ಲಿ 205 ಇತ್ತು. ಎಸ್‌ಎಂಪಿಎಸ್ ಮೇಲೆ 100–240 ಅಂತ ಬರೆದಿದ್ದರೆ ಇದು ಲೆಕ್ಕಕ್ಕಿಲ್ಲ. 200–240 ಅಂತಿದ್ದರೆ ಅಂಚಿನ ಮೇಲೆ ನಿಂತಿದ್ದೀರಿ. ನಮ್ಮದು ಎರಡನೆಯ ಜಾತಿ.

ಪರೀಕ್ಷೆಗೆ ನನ್ನ ಮಷೀನಿನ ಎಸ್‌ಎಂಪಿಎಸ್ ತಂದು ಹಾಕಿದೆ. ಅದರಲ್ಲಿ 12 ವೋಲ್ಟ್ ಸಾಲು 45 ಆಂಪಿಯರ್. ಎರಡು ಗಂಟೆ ಎಕ್ಸ್‌ಪೋರ್ಟ್ ಓಡಿತು, 11.9ಕ್ಕಿಂತ ಕೆಳಗೆ ಇಳಿಯಲಿಲ್ಲ. ಹುಡುಗ ಅವತ್ತೇ ರಾತ್ರಿ ಹೈದರಾಬಾದಿಗೆ ಹೊರಟಿದ್ದ ಗೆಳೆಯನಿಗೆ ದುಡ್ಡು ಕೊಟ್ಟು ಹೊಸದು ತರಿಸಿದ.

ಪ್ರೊಸೆಸರ್ ಮತ್ತು ವಿಂಡೋಸ್

ಪ್ರೊಸೆಸರ್ ಓವರ್‌ಕ್ಲಾಕ್ ತಪ್ಪಿದರೆ ಅದರ ಗುರುತು ಬೇರೆ. ವಿಂಡೋಸ್‌ನ ಈವೆಂಟ್ ವ್ಯೂವರಿನಲ್ಲಿ (ಆದದ್ದನ್ನೆಲ್ಲ ವಿಂಡೋಸ್ ಬರೆದಿಡುವ ದಿನಚರಿ) ಡಬ್ಲ್ಯುಎಚ್‌ಇಎ ಲಾಗರ್ ಅಂತ ಹಾರ್ಡ್‌ವೇರ್ ತಪ್ಪಿನ ಸಾಲುಗಳು ಬರುತ್ತವೆ, ಅಥವಾ ಅದೇ ಹೆಸರಿನ ನೀಲಿ ಪರದೆ. ಬರೀ ಕರ್ನಲ್ ಪವರ್ 41 ಇದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. "ಕರೆಂಟ್ ಹೋದಂಗ ಆಫ್ ಆತು" ಅಂತಷ್ಟೇ ಅದರ ಅರ್ಥ. ಇಲ್ಲಿ ಡಬ್ಲ್ಯುಎಚ್‌ಇಎ ಒಂದೂ ಇರಲಿಲ್ಲ. ಎಲ್ಲರೂ ಬೈದ ಆ ಇಂಜಿನಿಯರಿಂಗ್ ಹುಡುಗನ 4.0 ಗಿಗಾಹರ್ಟ್ಸ್ ಸರಿಯಾಗಿಯೇ ಇತ್ತು ಅಂತ ಆಯಿತು.

ಆದರೂ ತೆಗೆಸಿದೆ. ಒಂದು ಗಂಟೆಯ ಮದುವೆ ವಿಡಿಯೊ ಓವರ್‌ಕ್ಲಾಕ್‌ನಲ್ಲಿ 38 ನಿಮಿಷ, ಡಿಫಾಲ್ಟ್‌ನಲ್ಲಿ 41 ನಿಮಿಷ. ಡಿಫಾಲ್ಟ್‌ನಲ್ಲೂ ಪ್ರೊಸೆಸರ್ ತಾನೇ 3.4ಕ್ಕಿಂತ ಮೇಲೆ ಹೋಗುತ್ತದೆ, ಹಾಗಾಗಿ ಅಂತರ ಇಷ್ಟೇ. ಮೂರು ನಿಮಿಷಕ್ಕೆ ಹತ್ತು ಡಿಗ್ರಿಗೂ ಜಾಸ್ತಿ ಬಿಸಿ ಯಾಕೆ?

ಎಲ್ಲ ಮುಗಿದ ಮೇಲೂ ವಿಂಡೋಸ್ ಎರಡು ಸಲ ತೊದಲಿತು. ತಾಳ ತಪ್ಪಿದ ರ್ಯಾಮಿನಲ್ಲಿ ವಾರಗಟ್ಟಲೆ ಓಡಿದ್ದರಿಂದ ಕೆಲವು ಫೈಲುಗಳು ಕೆಟ್ಟಿದ್ದವು. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನ್ ಆಗಿ ತೆರೆದು ಚೆಕ್‌ಡಿಸ್ಕ್ (ಡಿಸ್ಕ್ ತಪಾಸಣೆ), ಆಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ (ವಿಂಡೋಸ್ ಫೈಲುಗಳ ರಿಪೇರಿ) ಓಡಿಸಿದೆ, ಸರಿಹೋಯಿತು. ಈ ಕೆಲಸ ರ್ಯಾಮ್ ಸರಿಯಾದ ಮೇಲಷ್ಟೇ ಮಾಡಬೇಕು. ಕೆಟ್ಟ ರ್ಯಾಮ್ ಇಟ್ಟುಕೊಂಡು ರಿಪೇರಿ ಓಡಿಸಿದರೆ ಒಳ್ಳೆಯ ಫೈಲನ್ನೂ ಕೆಡಿಸುತ್ತದೆ. ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿದೆ. ಅದು ಇದ್ದರೆ ಶಟ್‌ಡೌನ್ ಅಂದರೂ ವಿಂಡೋಸ್ ಅರ್ಧ ನಿದ್ದೆಯಷ್ಟೇ ಮಾಡುತ್ತದೆ, ಹಳೆಯ ಗೊಂದಲ ಬೆಳಿಗ್ಗೆ ಹಾಗೇ ಎದ್ದು ಬರುತ್ತದೆ.

ಫುಟೇಜ್ ಡಿಸ್ಕನ್ನು ಕೊನೆಗೆ ಸಿಕ್ಕಿಸಿದೆ. ಮೂರೂ ಮದುವೆ ಇದ್ದವು. ಅವತ್ತು ಸಂಜೆಗೆ ಕೊಡಬೇಕಿದ್ದದ್ದು ಮಾತ್ರ ಎರಡು ದಿನ ತಡವಾಗಿ ಹೋಯಿತು, ಹೆಣ್ಣಿನ ಕಡೆಯವರ ಹತ್ತಿರ ಹುಡುಗ ಬೈಸಿಕೊಂಡ. ಕ್ಯಾಬಿನೆಟ್ಟಿನ ಒಳಬದಿಗೆ ಒಂದು ಚೀಟಿ ಅಂಟಿಸಿದ್ದೇನೆ: ರ್ಯಾಮ್ 2666, ಸಿಎಸ್‌ಎಂ ಆನ್, ಪ್ರೊಸೆಸರ್ ಡಿಫಾಲ್ಟ್, ತಾರೀಖು. ಸೋದರಮಾವನ ಮಗ ದಸರಾ ರಜೆಗೆ ಬರುತ್ತಾನಂತೆ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: "ಮುಟ್ಟುವ ಮೊದಲು ನನಗೊಂದು ಫೋನ್ ಮಾಡಪಾ."